ಪಾಪಕ್ಕನ ಮೂಗು, ಆದಿನಾರಾಯಣಪ್ಪನ ಎದೆ

ಜಡಿಗೇನಹಳ್ಳಿ ಕಡೆಯ ನಲ್ಲಪ್ಪನಪಾಳ್ಯದಲ್ಲಿ ರೇಷ್ಮೆ ಹುಳು ಸಾಕುವ ಮನೆಗಳು ಬೇಕಾದಷ್ಟಿದ್ದವು, ಆದರೆ ಮೂಗು ಅಂತ ಇದ್ದದ್ದು ಒಂದೇ. ಅದು ಪಾಪಕ್ಕನದು. ಮಿಕ್ಕವರ ಮುಖದ ಮೇಲಿದ್ದದ್ದು ಉಸಿರಾಡುವುದಕ್ಕೆ, ಮೂಗುಬೊಟ್ಟು ಇಡುವುದಕ್ಕೆ, ನೆಗಡಿಯಾದಾಗ ಸೀಟುವುದಕ್ಕೆ ದೇವರು ಕೊಟ್ಟ ಸಾಧಾರಣ ಅಂಗ. ಪಾಪಕ್ಕ ಹುಳು ಮನೆಯ ಹೊಸ್ತಿಲಲ್ಲಿ ನಿಂತು ಒಂದು ಸಲ ಉಸಿರೆಳೆದರೆ ಸಾಕು, ಯಾವ ತಟ್ಟೆಯ ಕೆಳಗೆ ಹಿಕ್ಕೆ ಕೊಳೆಯುತ್ತಿದೆ, ಯಾರು ಬೀಡಿ ಸೇದಿ ಬಾಯಿ ಮುಕ್ಕಳಿಸದೆ ಒಳಗೆ ಬಂದಿದ್ದಾರೆ, ಪಕ್ಕದ ಅಡುಗೆಮನೆಯಲ್ಲಿ ಯಾವ ಸೊಸೆ ಕದ್ದು ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದಾಳೆ, ಎಲ್ಲವನ್ನೂ ಹೇಳಿಬಿಡುತ್ತಿದ್ದಳು.

ರೇಷ್ಮೆ ಹುಳು ಬಲು ನಾಜೂಕಿನ ಜೀವ. ಘಾಟು ಹೆಚ್ಚಾದರೆ ಸೊಪ್ಪು ಮುಟ್ಟದೆ, ತವರಿಗೆ ಕಳಿಸದ ಸೊಸೆಯ ಹಾಗೆ ತಲೆ ಎತ್ತಿಕೊಂಡು ಕೂತುಬಿಡುತ್ತದೆ. ಅದಕ್ಕೇ ಹುಳು ಕಡೆಯ ಜ್ವರ ಎದ್ದ ಕೂಡಲೇ (ಪೊರೆ ಬಿಡುವುದಕ್ಕೆ ಆ ಸೀಮೆಯಲ್ಲಿ ಜ್ವರ ಅಂತಲೇ ಹೆಸರು) ಪಾಪಕ್ಕನನ್ನು ಕರೆಸಿ ಮನೆ ಮೂಸಿಸುವುದು ಪದ್ಧತಿಯಾಗಿತ್ತು. ಅಕ್ಕಪಕ್ಕದ ಹಳ್ಳಿಗಳಿಂದಲೂ ಬೈಕು ಬರುತ್ತಿತ್ತು. ಪಾಪಕ್ಕ ಸೆರಗು ಬಿಗಿದು ಹಿಂದೆ ಕೂತು ಹೋಗಿ, ಮೂಸಿ, ಎಲೆ ಅಡಿಕೆ ಇಸಕೊಂಡು ಬರುತ್ತಿದ್ದಳು. ಏರ್‌ಪೋರ್ಟು ಬಂದ ಮೇಲೆ ಊರಿನ ಅರ್ಧ ಜನ ಅತ್ತ ಕೆಲಸಕ್ಕೆ ಹೊರಟರು, ತಲೆಯ ಮೇಲೆ ಹಗಲೆಲ್ಲ ವಿಮಾನ ಗುಡುಗಿದವು. ಆದರೆ ಮೂಗಿನ ವಿಷಯದಲ್ಲಿ ಮಾತ್ರ ಊರು ಯಾರ ಹಂಗಿಗೂ ಬೀಳಲಿಲ್ಲ.

ಅವಳ ಗಂಡ ಆದಿನಾರಾಯಣಪ್ಪನಿಗೆ ಇಂಥ ಯಾವ ಕೀರ್ತಿಯೂ ಇರಲಿಲ್ಲ. 'ಪಾಪಕ್ಕನ ಯಜಮಾನರು' ಅನ್ನುವುದೇ ಅವನ ಬಿರುದು. ಸಂತೆಗೆ ಹಸಿಮೆಣಸಿನಕಾಯಿ ತರಲು ಹೋಗಿ ಹಗ್ಗ ತರುವುದು, ಸೈಕಲ್ಲಿನಲ್ಲಿ ಹೋಗಿ ಬಸ್ಸಿನಲ್ಲಿ ವಾಪಸಾಗುವುದು, ಇವು ಅವನ ಸಾಧನೆಗಳು. ಅದರಲ್ಲಿ ಅವನಿಗೆ ಯಾವ ಕೊರತೆಯೂ ಕಂಡಿರಲಿಲ್ಲ. ಹೆಂಡತಿ ಬೈಕಿನಲ್ಲಿ ಹೊರಟಾಗ ಗೇಟಿನವರೆಗೆ ಬಂದು, ಅವಳು ಮರೆಯಾಗುವವರೆಗೂ ನಿಂತು ನೋಡುತ್ತಿದ್ದ.

ಆ ವರ್ಷ ದೀಪಾವಳಿ ಕಳೆದ ಮೇಲೆ ಪಾಪಕ್ಕನಿಗೆ ಕೆಟ್ಟ ನೆಗಡಿ ಹಿಡಿಯಿತು. ನೆಗಡಿ ಹೋಯಿತು, ಹೋಗುವಾಗ ಮೂಗನ್ನೂ ಜೊತೆಯಲ್ಲಿ ಕರೆದುಕೊಂಡು ಹೋಯಿತು. ಆದಿನಾರಾಯಣಪ್ಪನಿಗೆ ಇದು ತಿಳಿದದ್ದು ಒಂದು ಇಲಿಯಿಂದ. ರಾಗಿ ಮೂಟೆಯ ಹಿಂದೆ ಇಲಿ ಸತ್ತು, ಬೀದಿಯಲ್ಲಿ ಹೋಗುವ ನಾಯಿ ಕೂಡ ಒಂದು ಗಳಿಗೆ ನಿಂತು ಯೋಚಿಸುವಷ್ಟು ನಾರುತ್ತಿತ್ತು. ಪಾಪಕ್ಕ ಅದೇ ಮೂಟೆಗೆ ಬೆನ್ನು ಆನಿಸಿಕೊಂಡು ನೆಮ್ಮದಿಯಾಗಿ ಅವರೆಕಾಯಿ ಸುಲಿಯುತ್ತಿದ್ದಳು.

ಬಾಯಿ ತೆರೆದ ಆದಿನಾರಾಯಣಪ್ಪ ಹಾಗೇ ಮುಚ್ಚಿಕೊಂಡ. ಅವಳು ಹಿತ್ತಲಿಗೆ ಹೋದಾಗ ಇಲಿಯನ್ನು ಮೊರದಲ್ಲಿ ಎತ್ತಿ ದೂರ ಹೂತು ಬಂದ. ಮಾರನೆಯ ದಿನ ಹುಳು ಮನೆಯ ಕಿಟಕಿಯಿಂದ ಇಣುಕಿದಾಗ ಅವಳು ತಟ್ಟೆಯ ಕೆಳಗಿನ ಕಸವನ್ನು ಹಿಡಿಯಲ್ಲಿ ತೆಗೆದು ಮೂಗಿಗೆ ಹಿಡಿಯುತ್ತಿದ್ದಳು. ಇನ್ನೊಂದು ಹಿಡಿ, ಮತ್ತೊಂದು ಹಿಡಿ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆದಿನಾರಾಯಣಪ್ಪ ಸದ್ದಾಗದ ಹಾಗೆ ಕಿಟಕಿಯಿಂದ ಸರಿದ.

ಅವಳು ಗಂಡನಿಗೂ ಹೇಳಲಿಲ್ಲ. ತನಗೆ ಗೊತ್ತಾಗಿದೆ ಅಂತ ಗಂಡನೂ ಹೇಳಲಿಲ್ಲ. ಅವಳಾಗಿ ಬಾಯಿ ಬಿಡುವವರೆಗೆ ತಾನು ಕೇಳಬಾರದು, ಅಲ್ಲಿಯವರೆಗೆ ಊರವರ ಮುಂದೆ ಅವಳ ಮಾನ ಕಾಯಬೇಕು ಅಂತ ಆದಿನಾರಾಯಣಪ್ಪ ತೀರ್ಮಾನಿಸಿದ. ಜೀವಮಾನದಲ್ಲಿ ಅವನು ಯಾವ ಗೊಂದಲವೂ ಇಲ್ಲದೆ ಮಾಡಿದ ತೀರ್ಮಾನ ಇದೊಂದೇ. ಮುಂದಿನ ಗೊಂದಲವೆಲ್ಲ ಇದರ ಹೊಟ್ಟೆಯಲ್ಲೇ ಹುಟ್ಟಿತು.

ಅಷ್ಟರಲ್ಲಿ ಅವನ ತಮ್ಮನ ಮಗಳು ಭಾನುಪ್ರಿಯಾ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಹಿಡಿದು ಬಂದಳು. ಅವಳು ದೊಡ್ಡಬಳ್ಳಾಪುರದಾಚೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಏನು ಸಂಶೋಧನೆ ಅಂತ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮದುವೆ ಯಾವಾಗ ಅಂತ ಮಾತ್ರ ಎಲ್ಲರೂ ಕೇಳಿದ್ದರು.

"ದೊಡ್ಡಪ್ಪ, ಇದರೊಳಗೆ ಉಗುರಗಲ ಗಾಜಿನ ಚೂರು ಐತೆ. ಅದರ ಮೇಲೆ ಸತುವಿನ ಆಕ್ಸೈಡಿನ ತಂತಿ ಬೆಳೆಸಿದ್ದೀನಿ. ನ್ಯಾನೊ ತಂತಿ ಅಂತಾರೆ."

ಆದಿನಾರಾಯಣಪ್ಪ ಕನ್ನಡಕ ಏರಿಸಿ ನೋಡಿದ. "ತಂತಿ ಎಲ್ಲವ್ವ? ಗಾಜು ಮಬ್ಬಾಗೈತೆ ಅಷ್ಟೆ. ತಡಿ, ಒರೆಸಿಕೊಡ್ತೀನಿ."

"ಅಯ್ಯೋ ಒರೆಸ್ಬೇಡಿ! ಆ ಮಬ್ಬೇ ತಂತಿ! ಕೋಟಿಗಟ್ಲೆ ಅವೆ. ನೂರು ತಂತಿ ಪಕ್ಕಪಕ್ಕದಲ್ಲಿ ಮಲಗಿಸಿದ್ರೆ ನಿಮ್ಮ ರೇಷ್ಮೆಯ ಒಂದೇ ಒಂದು ಎಳೆಯಷ್ಟು ಅಗಲ ಆಗ್ತವೆ. ಹುಳದ ಹಿಕ್ಕೆ ಕೊಳೆತ್ರೆ ಅಮೋನಿಯಾ ಗಾಳಿ ಬರುತ್ತಲ್ಲ, ಅದು ಬಂದು ಈ ತಂತಿ ಮೇಲೆ ಕೂತ್ಕೊಂಡ್ರೆ ಕರೆಂಟ್ ಹರಿಯೋ ರೀತಿನೇ ಬದಲಾಗುತ್ತೆ. ತಕ್ಷಣ ಪೆಟ್ಟಿಗೆ ಕೀಂಯ್ ಅಂತ ಕೂಗುತ್ತೆ."

"ಅಂದ್ರೆ ಇದು ಮೂಗು."

"ಮೂಗು ಅಂತಲೇ ಅಂದ್ಕೊಳ್ಳಿ."

ಆದಿನಾರಾಯಣಪ್ಪ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ. "ಹಿಂಗೆ ಕೂಗಿದ್ರೆ ಹುಳು ಬೆಚ್ತವಲ್ಲವ್ವ. ಮೊಬೈಲು ಜೇಬಲ್ಲಿ ಸುಮ್ನೆ ನಡುಗುತ್ತಲ್ಲ, ಹಂಗೆ ಮಾಡ್ಕೊಡಕ್ಕಾಗುತ್ತಾ?"

ರೈತರ ಅನುಭವದಿಂದ ಹೊಳೆದ ಸೂಕ್ಷ್ಮ ಅಂತ ಭಾನುಪ್ರಿಯಾಗೆ ಹೆಮ್ಮೆಯಾಯಿತು. ಹಳೆಯ ಮೊಬೈಲಿನ ನಡುಗುವ ಭಾಗ ಕಿತ್ತು ಅದಕ್ಕೆ ಸೇರಿಸಿ, "ಹುಳು ಮನೆ ಜಂತೆಗೆ ನೇತುಹಾಕಿ ದೊಡ್ಡಪ್ಪ, ಎಷ್ಟು ಸಾರಿ ನಡುಗುತ್ತೆ ನೋಡಿ ಹೇಳಿ" ಅಂತ ಕೊಟ್ಟು ಹೋದಳು. ಅವಳ ಬಸ್ಸು ತಿರುವು ದಾಟುವ ಮೊದಲೇ ಪೆಟ್ಟಿಗೆ ಆದಿನಾರಾಯಣಪ್ಪನ ಬನೀನಿನ ಒಳಜೇಬು ಸೇರಿತ್ತು.

ಮೊದಲ ಪ್ರಯೋಗ ನಡೆದದ್ದು ಪಕ್ಕದ ಮನೆ ಸೊಣ್ಣಮ್ಮನ ಹುಳು ಮನೆಯಲ್ಲಿ. ಪಾಪಕ್ಕ ಹೊರಟಾಗ ಆದಿನಾರಾಯಣಪ್ಪನೂ ಚಪ್ಪಲಿ ಮೆಟ್ಟಿದ. "ನೀವ್ಯಾಕೆ?" ಅಂದಳು. "ಹಿಂಗೇ, ಕಾಲಾಡಿಸ್ಕೊಂಡು" ಅಂದ. ಮೂವತ್ತು ವರ್ಷದಲ್ಲಿ ಅವನು ಅವಳ ಜೊತೆ ಮೂಸಲು ಬಂದದ್ದು ಇದೇ ಮೊದಲು.

ಅವನ ಲೆಕ್ಕಾಚಾರ ಇಷ್ಟೇ. ಪೆಟ್ಟಿಗೆ ನಡುಗಿದ ಕಡೆ ತಾನು ಘಾಟು ಹಿಡಿದವನ ಹಾಗೆ ಕೆಮ್ಮಿದರೆ, ಇಲ್ಲೇನೋ ಕೊಳೆತಿದೆ ಅಂತ ಪಾಪಕ್ಕ ತಿಳಿದುಕೊಳ್ಳುತ್ತಾಳೆ. ಅಷ್ಟು ಚುರುಕು ಅವಳಿಗಿದೆ. ಈ ಲೆಕ್ಕದಲ್ಲಿ ಅವನು ಮರೆತದ್ದು ಒಂದೇ: ಅವನಿಗೆ ಕಚಗುಳಿ ಜಾಸ್ತಿ. ಸೊಣ್ಣಮ್ಮನ ಮೂರನೆಯ ಸಾಲಿನ ತಟ್ಟೆಗಳ ಹತ್ತಿರ ಬರುತ್ತಲೇ ಬನೀನಿನೊಳಗೆ ಪೆಟ್ಟಿಗೆ ಗುರ್‌ರ್ ಅಂತು. ಆದಿನಾರಾಯಣಪ್ಪ ಗೇಣುದ್ದ ಹಾರಿ, ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದ.

ಪಾಪಕ್ಕ ಗಂಡನನ್ನು ನೋಡಿದಳು. ತಟ್ಟೆ ನೋಡಿದಳು. ಆಮೇಲೆ ಹಳೆಯ ಗತ್ತಿನಲ್ಲೇ, "ಸೊಣ್ಣಮ್ಮ, ಇಲ್ಲಿ ಹಿಕ್ಕೆ ಕಸದ ಹಾಸಿಗೆ ತೆಗೆದು ಎಷ್ಟು ದಿನ ಆಯ್ತೇ? ಈ ಸಾಲಿಂದು ಈಗಲೇ ತೆಗಿ" ಅಂದಳು.

"ಅಬ್ಬಾ, ನಿನ್ ಮೂಗಿಗೆ ದೃಷ್ಟಿ ತೆಗೀಬೇಕು ಕಣಕ್ಕ!" ಅಂತ ಸೊಣ್ಣಮ್ಮ ಗಲ್ಲ ಬಡಿದುಕೊಂಡಳು. ಪಾಪಕ್ಕನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು. ಅದನ್ನು ನೋಡಿ ಆದಿನಾರಾಯಣಪ್ಪನಿಗೆ ಗಂಟಲು ಉರಿಯುತ್ತಿದ್ದುದೂ ಮರೆತುಹೋಯಿತು.

ಹಾಗೆ ನಾಲ್ಕಾರು ಮನೆ ನಡೆಯಿತು. ಪಾಪಕ್ಕನ ಮೂಗು ಊರಿನಲ್ಲಿ ಭದ್ರವಾಗಿ ನಿಂತಿತು. ಕುಸಿದದ್ದು ಆದಿನಾರಾಯಣಪ್ಪನ ಎದೆ.

"ನೋಡಿದ್ಯಾ, ಗಂಡ ಈಗ ಹೆಂಡ್ತಿ ಸೆರಗು ಬಿಡಲ್ಲ" ಅಂತ ನಲ್ಲಿಯ ಹತ್ತಿರ ಮಾತು ಶುರುವಾಯಿತು. "ಸೆರಗಿನ ವಿಷ್ಯ ಅಲ್ಲ ಕಣೇ. ಎದೆ ಹಿಡ್ಕೊಂಡು ಹಾರ್ತಾನೆ. ಹಾರ್ಟು ಹೋಗೈತೆ" ಅಂತ ಇನ್ನೊಂದು ಬಿಂದಿಗೆ ಹೇಳಿತು. "ಕಾಲ ಹತ್ರ ಬಂದೈತೆ ಅಂತ ಗೊತ್ತಾಗಿರ್ಬೇಕು. ಇರೋ ನಾಕು ದಿನ ಹೆಂಡ್ತಿ ಪಕ್ಕದಲ್ಲೇ ಇರಾಣ ಅಂತ, ಪಾಪ" ಅಂತ ಸೊಣ್ಣಮ್ಮ ಮೂಗು ಸೀಟಿ ಮುಗಿಸಿದಳು. ಸಂಜೆಯ ಹೊತ್ತಿಗೆ ಊರಿನ ಕಟ್ಟೆಯ ಮೇಲೆ ಅವನಿಗೆ ಕೂರಲು ಜಾಗ ಬಿಡತೊಡಗಿದರು. ಬದುಕಿಡೀ ಯಾರೂ ಬಿಡದ ಜಾಗವನ್ನು ಈಗೇಕೆ ಬಿಡುತ್ತಿದ್ದಾರೆ ಅಂತ ತಿಳಿಯದೆ ಆದಿನಾರಾಯಣಪ್ಪ ಕಾಲು ಚಾಚಿ ಕೂತ.

ಸುದ್ದಿ ನೆಂಟರಿಗೆ ಮುಟ್ಟಿತು. ಪಾಪಕ್ಕನ ತಮ್ಮ ವೆಂಕಟರಾಯಪ್ಪ ಏರ್‌ಪೋರ್ಟಿನಲ್ಲಿ ಟ್ರಾಲಿ ತಳ್ಳುವ ಕೆಲಸದಲ್ಲಿದ್ದ. ಕತ್ತಿನಲ್ಲಿ ಗುರುತಿನ ಚೀಟಿ ತೂಗಾಡಿಸಿಕೊಂಡೇ ಬಂದು, ಹಾರ್ಲಿಕ್ಸ್ ಬಾಟಲಿಯನ್ನು ಆದಿನಾರಾಯಣಪ್ಪನ ತಲೆದೆಸೆಯಲ್ಲಿಟ್ಟು, ಕೈ ಹಿಡಿದುಕೊಂಡ.

"ಭಾವ, ಧೈರ್ಯ ಬಿಡಬೇಡಿ. ನಮ್ಮ ಏರ್‌ಪೋರ್ಟಲ್ಲಿ ಗೋಡೆಗೋಡೆಗೂ ಒಂದೊಂದು ಮೆಷಿನ್ ನೇತಾಕವ್ರೆ. ಎದೆ ನಿಂತೋದ್ರೆ ಕರೆಂಟ್ ಕೊಟ್ಟು ಎಬ್ಬಿಸ್ತದೆ. ದುಡ್ಡೂ ಕೇಳಲ್ಲ. ನಿಮ್ಮ ಎದೆ ನಿಲ್ಲೋ ಹಂಗಿದ್ರೆ ಬೇರೆ ಎಲ್ಲೂ ಬೇಡ, ಅಲ್ಲಿಗೇ ಬಂದು ನಿಲ್ಲಿಸ್ಕೊಳ್ಳಿ. ನಾನು ಟ್ರಾಲಿ ಇಟ್ಕೊಂಡು ಬಾಗಿಲಲ್ಲೇ ಇರ್ತೀನಿ."

"ನಂಗೇನೂ ಆಗಿಲ್ಲ ಕಣೋ."

"ಎಲ್ರೂ ಹಂಗೇ ಅನ್ನೋದು ಭಾವ" ಅಂತ ವೆಂಕಟರಾಯಪ್ಪ ಕಣ್ಣು ಒರೆಸಿಕೊಂಡ. ಹಾರ್ಲಿಕ್ಸನ್ನು ತಾನೇ ಕಲಸಿದ, ಇಬ್ಬರೂ ಕುಡಿದರು.

ಊರವರ ಮಾತು ಬಿಡಿ, ಅದು ಬರುತ್ತದೆ, ಹೋಗುತ್ತದೆ. ಪಾಪಕ್ಕನ ಪಾಡು ಬೇರೆ. ಗಂಡನ ಎದೆ ಕೆಟ್ಟಿದೆ. ಅಂಥವನನ್ನು ತಾನು ಘಾಟು ತುಂಬಿದ ಮನೆಮನೆಗೂ ಕರೆದುಕೊಂಡು ಹೋಗಿ, ಅವನ ಕೆಮ್ಮನ್ನೇ ತನ್ನ ಮೂಗು ಅಂತ ಊರಿಗೆ ತೋರಿಸುತ್ತಿದ್ದೇನೆ ಅಂತ ಅವಳಿಗೆ ಅನ್ನಿಸಿತು. ಆ ಪಾಪದ ಭಾರದಲ್ಲಿ ಅವನ ಮುದ್ದೆ ಸಾರಿನಿಂದ ಉಪ್ಪು ಹೋಯಿತು, ಎಣ್ಣೆ ಹೋಯಿತು, ಭಾನುವಾರದ ಬಾಡೂಟ ಹೋಯಿತು. ಬೆಳಿಗ್ಗೆ ಅವನು ಕಣ್ಣು ಬಿಡುವ ಮೊದಲೇ ಅವಳು ಎದೆಗೆ ಕಿವಿ ಇಟ್ಟಿರುತ್ತಿದ್ದಳು. "ಈಗ ನೆಟ್ಟಗೆ ಬಡ್ಕೊತೈತೆ" ಅಂತ ತನಗೆ ತಾನೇ ಹೇಳಿಕೊಂಡು ಎದ್ದು ಹೋಗುತ್ತಿದ್ದಳು. ಆದಿನಾರಾಯಣಪ್ಪ ನಿದ್ದೆ ಬಂದವನ ಹಾಗೆ ಬಿದ್ದುಕೊಂಡಿರುತ್ತಿದ್ದ. ಅವಳ ಕಿವಿ ಎದೆಯ ಮೇಲಿರುವುದು ಅವನಿಗೆ ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು.

ಒಂದು ದಿನ ಅವಳು, "ಇನ್ಮೇಲೆ ನಾನು ಯಾರ ಮನೆಗೂ ಮೂಸಕ್ಕೆ ಹೋಗಲ್ಲ" ಅಂದಳು.

ಸೋತು ಕೈಚೆಲ್ಲಿದಳು ಅಂತ ಅವನು ಗಾಬರಿಯಾದ. "ಯಾಕೆ ಹೋಗಲ್ಲ? ಹೋಗ್ಬೇಕು. ನಾನೂ ಬರ್ತೀನಿ."

ಸಾಯುವ ಕಾಲಕ್ಕೂ ನನ್ನ ಜೊತೆಯೇ ಇರಬೇಕು ಅಂತಾನಲ್ಲ ಅಂತ ಅವಳು ಒಳಗೆ ಹೋಗಿ ಅತ್ತಳು.

ಹೀಗಿರುವಾಗ ರೇಷ್ಮೆ ಇಲಾಖೆಯ ಅಧಿಕಾರಿ ಗೋವಿಂದರಾಜು ಊರಿಗೆ ಬಂದರು. ಭಾನುಪ್ರಿಯಾಳ ಪೆಟ್ಟಿಗೆ ಕೆಲಸಕ್ಕೆ ಬರುವ ಹಾಗಿದ್ದರೆ ಹತ್ತಾರು ಹುಳು ಮನೆಗಳಲ್ಲಿ ಇಟ್ಟು ನೋಡಲು ಇಲಾಖೆ ಒಪ್ಪುತ್ತಿತ್ತು. ಅವರು ಹೂಂ ಅಂದರೆ ಹುಡುಗಿಯ ಕೆಲಸ ಮುಂದುವರಿಯುತ್ತದೆ, ಊಹೂಂ ಅಂದರೆ ಅಲ್ಲಿಗೇ ನಿಲ್ಲುತ್ತದೆ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ರೇಷ್ಮೆ ಗೂಡು ಬೆಳೆಯುವ, ಆದ್ದರಿಂದ ಎಲ್ಲರಿಗಿಂತ ಮೊದಲು ಮಾತಾಡುವ ಜವರಪ್ಪ ಮುಂದೆ ಬಂದ.

"ಸಾರ್, ಪೆಟ್ಟಿಗೆ ಯಾಕೆ? ನಮ್ಮೂರಲ್ಲಿ ಪಾಪಕ್ಕ ಅವ್ಳೆ. ಬೇಕಾದ್ರೆ ಪಂದ್ಯ ಇಟ್ಬಿಡಿ. ಮೂರು ಮಡಕೆ ಇಡಾಣ. ಒಂದ್ರಲ್ಲಿ ಕೊಳೆತ ಹಿಕ್ಕೆ, ಒಂದ್ರಲ್ಲಿ ಹಸಿ ಸೊಪ್ಪು, ಒಂದು ಖಾಲಿ. ಮಡಕೆ ಬಾಯಿಗೆ ಬಟ್ಟೆ ಕಟ್ಟಾಣ. ಪಾಪಕ್ಕನೂ ಮೂಸ್ಲಿ, ಪೆಟ್ಟಿಗೇನೂ ಮೂಸ್ಲಿ. ಯಾವುದು ಗೆಲ್ಲುತ್ತೋ ನೋಡೇಬಿಡಾಣ."

ಊರು ಹೋ ಅಂತು. ಪಾಪಕ್ಕನ ಮುಖ ಬಿಳಿಚಿಕೊಂಡಿತು. ಪಂದ್ಯಕ್ಕೆ ಪೆಟ್ಟಿಗೆ ಬೇಕಾದ್ದರಿಂದ ಭಾನುಪ್ರಿಯಾ ಅದನ್ನು ವಾಪಸು ಕೇಳಿದಳು, ಮತ್ತೆ ಕೂಗುವ ಹಾಗೆ ಮಾಡಿಕೊಳ್ಳುತ್ತೇನೆ ಅಂತ ತೆಗೆದುಕೊಂಡೂ ಹೋದಳು. ಆದಿನಾರಾಯಣಪ್ಪನ ಬನೀನು ಬರಿದಾಯಿತು.

ಮರುದಿನ ಬೆಳಿಗ್ಗೆಯೇ ಅವನು ಎರಡು ಬಸ್ಸು ಬದಲಿಸಿ, ನಡುವೆ ಒಂದು ತಪ್ಪು ಬಸ್ಸನ್ನೂ ಹತ್ತಿ ಇಳಿದು, ಭಾನುಪ್ರಿಯಾಳ ಕಾಲೇಜಿನಲ್ಲಿ ಪ್ರತ್ಯಕ್ಷನಾದ.

"ಇನ್ನೊಂದು ಪೆಟ್ಟಿಗೆ ಬೇಕವ್ವ. ನಮ್ಮ ಹುಳು ಮನೆಗೆ. ನಡುಗೋದು."

"ರೆಡಿ ಇಲ್ವಲ್ಲ ದೊಡ್ಡಪ್ಪ. ತಂತಿ ಹೊಸದಾಗಿ ಬೆಳೆಸ್ಬೇಕು."

"ಬೆಳೆಸು. ಕೂತಿರ್ತೀನಿ."

ಅವನ ಮುಖ ನೋಡಿ ಅವಳಿಗೆ ಇಲ್ಲ ಅನ್ನಲಾಗಲಿಲ್ಲ. ಗಾಜಿನ ಚೂರಿಗೆ ಸತುವಿನ ಸಣ್ಣ ಸಣ್ಣ ಕಣಗಳ ಲೇಪ ಹಚ್ಚಿ ಒಣಗಿಸಿದಳು. "ಇದು ಬೀಜ" ಅಂದಳು. ಅದನ್ನು ಔಷಧಿ ನೀರು ತುಂಬಿದ ಬಾಟಲಿಯೊಳಗೆ ಬೋರಲು ಇಳಿಬಿಟ್ಟು, ಬಿಸಿ ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದಳು. "ನೀರು ಕುದಿಯೋಕಿಂತ ಸ್ವಲ್ಪ ಕಡಿಮೆ ಬಿಸಿ. ಸಾಯಂಕಾಲದವರೆಗೂ ಹಿಂಗೇ ಇರ್ಬೇಕು. ನೀರಲ್ಲಿ ಕರಗಿರೋ ಸತು ಬೀಜದ ಮೇಲೆ ಕೂತು ಕೂತು ತಂತಿಯಾಗಿ ಬೆಳೆಯುತ್ತೆ."

ಒಂದು ಜೀವ ಮೇವು ತಿನ್ನುತ್ತಾ ಬೆಚ್ಚಗಿನ ಮನೆಯಲ್ಲಿ ಬೆಳೆಯುತ್ತದೆ, ಎಳೆ ಕೊಡುತ್ತದೆ. ಇದರಲ್ಲಿ ಆದಿನಾರಾಯಣಪ್ಪನಿಗೆ ಹೊಸದೇನೂ ಕಾಣಲಿಲ್ಲ. ರೇಷ್ಮೆಯವನಿಗೆ ಇದನ್ನು ಕಲಿಸಬೇಕೇ? ಅವನು ಪಂಚೆ ಮೇಲೆ ಕಟ್ಟಿದ. ಚಪ್ಪಲಿ ಹೊರಗೆ ಬಿಟ್ಟ. ಬಣ್ಣ ಬಳಿಯಲು ತಂದಿಟ್ಟಿದ್ದ ಸುಣ್ಣದ ಪುಡಿಯನ್ನು ವರಾಂಡದಲ್ಲಿ ಕಂಡು, ಎರಡು ಬೊಗಸೆ ತಂದು, ಹುಳು ಮನೆಗೆ ರೋಗ ಬಾರದಿರಲು ಹಾಕುವ ಹಾಗೆ, ಹೊಸ್ತಿಲಿಗೆ ಚೆಲ್ಲಿದ. ಆಮೇಲೆ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕೂತ.

ಊಟ ಮುಗಿಸಿ ಬಂದ ಅಟೆಂಡರನ್ನು ನಿಲ್ಲಿಸಿದ. "ಏನಪ್ಪಾ, ಬಸ್ಸಾರು ತಿಂದ್ಯಾ? ಬೆಳ್ಳುಳ್ಳಿ ವಾಸ್ನೆ ಬರ್ತೈತೆ. ಬಾಯಿ ಮುಕ್ಕಳಿಸ್ಕೊಂಡು ಬಾ. ಇಲ್ದಿದ್ರೆ ನಾಳೆ ಬಾ."

ಪಕ್ಕದ ಲ್ಯಾಬಿನ ಹುಡುಗರು ಇಣುಕಿದರು. "ಹಂಗೆಲ್ಲ ಗುಂಪಾಗಿ ನೋಡಬಾರದು. ದೃಷ್ಟಿ ಆಗ್ತದೆ. ಹೋಗ್ರಪ್ಪಾ."

ಕೊನೆಗೆ ಭಾನುಪ್ರಿಯಾಳ ಗುರುಗಳಾದ ಪ್ರಿಯಾಂಕ ಮೇಡಂ ಬಂದರು. ಅವರ ಸೆಂಟಿನ ಘಮ ಅವರಿಗಿಂತ ಮುಂಚೆ ಬಂತು. ಆದಿನಾರಾಯಣಪ್ಪ ಎದ್ದು ನಿಂತು ಕೈ ಮುಗಿದ, ಆದರೆ ಸ್ಟೂಲು ಸರಿಸಲಿಲ್ಲ.

"ತಪ್ಪು ತಿಳೀಬೇಡಿ ತಾಯಿ. ಒಳಗೆ ಬೆಳೆ ಐತೆ. ಘಮಘಮ ಅನ್ನೋರು ಹೋಗಬಾರದು."

"ಇದು ನನ್ನ ಲ್ಯಾಬು."

"ಮನೆ ಯಜಮಾನ್ತಿ ಆದ್ರೂ ಅಷ್ಟೆ ತಾಯಿ. ಹುಳು ಯಾರ ಮುಖಾ ನೋಡಲ್ಲ."

ಮೇಡಂ ತಮ್ಮದೇ ಲ್ಯಾಬಿನ ಹೊರಗೆ, ಸುಣ್ಣದ ಗೆರೆಯ ಈಚೆ, ಸಂಜೆಯವರೆಗೂ ನಿಂತು ಕೂತು ಕಾಲ ಕಳೆದರು. ಬೈಯಬೇಕು ಅಂತ ಬಂದವರು ಯಾಕೋ ನಗುತ್ತಲೇ ಕೂತರು. ಸಂಜೆ ಗಾಜನ್ನು ತೆಗೆದು ದೊಡ್ಡ ಸೂಕ್ಷ್ಮದರ್ಶಕದಲ್ಲಿಟ್ಟರು. ಪರದೆಯ ಮೇಲೆ ಕಂಡದ್ದು ನೋಡಿ ಆದಿನಾರಾಯಣಪ್ಪ ಬೆರಗಾದ. ಹುಲುಸಾಗಿ ಎದ್ದ ರಾಗಿ ಪೈರಿನ ಹಾಗೆ ಒತ್ತೊತ್ತಾಗಿ, ನೆಟ್ಟಗೆ, ಒಂದೇ ಎತ್ತರಕ್ಕೆ ತಂತಿಗಳು ನಿಂತಿದ್ದವು.

"ಈ ವರ್ಷ ಇಷ್ಟು ಚೆನ್ನಾಗಿ ಬಂದೇ ಇರಲಿಲ್ಲ. ನಡುನಡುವೆ ಯಾರಾದರೂ ಬಂದು ಬಾಗಿಲು ತೆಗೆದು ಬಿಸಿ ಕೆಡಿಸುತ್ತಿದ್ದರು" ಅಂದರು ಮೇಡಂ.

"ಬಾಣಂತಿ ಕೋಣೆ ಬಾಗಿಲು ತೆಗೀಬಾರದು ತಾಯಿ" ಅಂದ ಆದಿನಾರಾಯಣಪ್ಪ. ಪೈರನ್ನು ಇನ್ನೊಮ್ಮೆ ನೋಡಿ ದನಿ ತಗ್ಗಿಸಿ, "ಚೆನ್ನಾಗಿ ಮೂಸ್ರಪ್ಪಾ. ನಿಮ್ಮನ್ನೇ ನಂಬಿದ್ದೀನಿ" ಅಂದ. ಯಾರಿಗೆ ಹೇಳಿದ್ದು ಅಂತ ಮೇಡಂ ಅತ್ತಿತ್ತ ನೋಡಿದರು.

ಗಾಜು ಪೆಟ್ಟಿಗೆ ಸೇರಿ, ಪೆಟ್ಟಿಗೆ ಅವನ ಕೈ ಸೇರಲು ಇನ್ನೂ ಎರಡು ದಿನ ಹಿಡಿಯಿತು. ಪಂದ್ಯದ ದಿನ ಬೆಳಿಗ್ಗೆ ಅದು ಬನೀನಿನೊಳಗೆ ಕೂತಿತ್ತು.

ಗೂಡು ಬಿಡಿಸಿ ಖಾಲಿಯಾಗಿದ್ದ ಆದಿನಾರಾಯಣಪ್ಪನ ಹುಳು ಮನೆಯಲ್ಲೇ ಪಂದ್ಯ. ಬೆಂಚಿನ ಮೇಲೆ ಬಾಯಿ ಕಟ್ಟಿದ ಮೂರು ಮಡಕೆ. ಒಂದು ಕಡೆ ಭಾನುಪ್ರಿಯಾ, ಅವಳ ಕೈಯಲ್ಲಿ ಪೆಟ್ಟಿಗೆ. ಇನ್ನೊಂದು ಕಡೆ ಪಾಪಕ್ಕ, ಅವಳ ಬೆನ್ನಿಗೆ ಗಂಡ. ಸೊಣ್ಣಮ್ಮ, ವೆಂಕಟರಾಯಪ್ಪ, ಜವರಪ್ಪ, ಮಿಕ್ಕ ಊರೆಲ್ಲ ಗೋಡೆಗೆ ಅಂಟಿಕೊಂಡು ನಿಂತಿತ್ತು. ಅಧಿಕಾರಿ ಗೋವಿಂದರಾಜು ಇಸ್ತ್ರಿ ಅಂಗಿ ತೊಟ್ಟು, ಕೂದಲು ಮಿರಮಿರ ಮಿಂಚಿಸಿಕೊಂಡು ಬಂದರು. ಮಾರನೆಯ ದಿನ ಅವರ ಮಗಳ ನಿಶ್ಚಿತಾರ್ಥವಿತ್ತು. ಎಲ್ಲರಿಗೂ ನಮಸ್ಕಾರ ಹೇಳಿ, ಎದೆ ಕೆಟ್ಟ ಬಡಪಾಯಿ ಅಂತ ಕರುಣೆಯಿಂದ ಆದಿನಾರಾಯಣಪ್ಪನ ಪಕ್ಕದಲ್ಲೇ ನಿಂತು, ಅವನ ಹೆಗಲ ಮೇಲೆ ಕೈಯಿಟ್ಟು, ಮಡಕೆಗಳತ್ತ ತಲೆ ಬಗ್ಗಿಸಿದರು.

"ಶುರು ಮಾಡಿ" ಅಂದರು.

ಕೀಂಯ್ ಅಂತು ಭಾನುಪ್ರಿಯಾಳ ಪೆಟ್ಟಿಗೆ.

"ಇನ್ನೂ ಮಡಕೆ ಬಟ್ಟೇನೇ ಬಿಚ್ಚಿಲ್ಲ!" ಅಂತ ಜವರಪ್ಪ ಕೂಗಿದ. ಭಾನುಪ್ರಿಯಾ ಗಾಬರಿಯಿಂದ ಪೆಟ್ಟಿಗೆ ಕೊಡವಿದಳು. ಏನಾಯಿತು ಅಂತ ನೋಡಲು ಗೋವಿಂದರಾಜು ಇನ್ನಷ್ಟು ಬಗ್ಗಿದರು. ಕೀಂಯ್ ಕೀಂಯ್ ಕೀಂಯ್!

ಇತ್ತ ಆದಿನಾರಾಯಣಪ್ಪನ ಬನೀನಿನೊಳಗೆ ಹೊಸ ಪೈರು ಸುಗ್ಗಿ ಕುಣಿಯುತ್ತಿತ್ತು. ಗುರ್‌ರ್ ಅಂದಾಗ ಒಮ್ಮೆ ಕೆಮ್ಮಿದ. ಮತ್ತೆ ಗುರ್‌ರ್ ಅಂತು, ಹಾರಿದ. ಯಾವ ಮಡಕೆಯಿಂದ ಅಂತ ತಿಳಿಯದೆ ಮೂರರತ್ತಲೂ ತಿರುಗಿ ಮೂರು ಸಲ ಕೆಮ್ಮಿದ. ಪೆಟ್ಟಿಗೆ ನಿಲ್ಲಲೇ ಇಲ್ಲ. ಅವನು ಎದೆ ಹಿಡಿದುಕೊಂಡು, ಕಚಗುಳಿ ತಡೆಯಲಾರದೆ ಬಿಲ್ಲಿನ ಹಾಗೆ ಬಾಗಿ, ಗೋಡೆಗೆ ಒರಗಿ ಕೆಳಗೆ ಕುಸಿದ.

"ಹೋಯ್ತು! ಭಾವನ ಎದೆ ನಿಂತೋಯ್ತು! ಯಾರಾದ್ರೂ ಕಾರು ತನ್ರೋ, ಏರ್‌ಪೋರ್ಟಿಗೆ!" ಅಂತ ವೆಂಕಟರಾಯಪ್ಪ ಬಾಯಿ ಬಡಿದುಕೊಂಡ.

ಪಾಪಕ್ಕ ಮಡಕೆಯೊಂದನ್ನು ತಳ್ಳಿ ಓಡಿ ಬಂದಳು. ಪುಣ್ಯಕ್ಕೆ ಒಡೆದದ್ದು ಖಾಲಿ ಮಡಕೆ. "ಸುಟ್ಟೋಗ್ಲಿ ನನ್ನ ಮೂಗು! ಏನಾಯ್ತು ನಿಮ್ಗೆ, ಕಣ್ಬಿಡಿ!" ಅಂತ ಅವನ ಅಂಗಿಯ ಗುಂಡಿ ಕಿತ್ತು, ಎದೆ ನೀವಲು ಬನೀನಿನೊಳಗೆ ಕೈ ಹಾಕಿದಳು. ಕೈಗೆ ಗಟ್ಟಿಯಾದ, ಗಡಗಡ ನಡುಗುವ ಏನೋ ಸಿಕ್ಕಿತು. ಎಳೆದಳು.

"ಅಯ್ಯಯ್ಯೋ, ಎದೆನೇ ಈಚೆ ಬಂತು" ಅಂದಳು ಸೊಣ್ಣಮ್ಮ.

"ದೊಡ್ಡಪ್ಪ, ಅದು ಜಂತೆಗೆ ನೇತುಹಾಕಕ್ಕೆ ಕೊಟ್ಟ ಪೆಟ್ಟಿಗೆ ಅಲ್ವಾ? ಬನೀನಲ್ಲಿ ಯಾಕೆ ಇಟ್ಕೊಂಡ್ರಿ?" ಅಂತ ಭಾನುಪ್ರಿಯಾ ಕೇಳಿದಳು.

ಆದಿನಾರಾಯಣಪ್ಪ ಕಣ್ಣು ಬಿಟ್ಟ. ಎಲ್ಲರೂ ತನ್ನನ್ನೇ ನೋಡುತ್ತಿದ್ದರು, ಹೆಂಡತಿ ಮಾತ್ರ ಪೆಟ್ಟಿಗೆ ನೋಡುತ್ತಿದ್ದಳು. ಅವನ ತಲೆ ಯಾವತ್ತೂ ಬೇಗ ಓಡಿದ್ದಲ್ಲ, ಆದರೆ ಆವತ್ತು ಓಡಿತು.

"ನಂಗೆ... ನಂಗೆ ವಾಸ್ನೆ ತಿಳಿಯಲ್ಲ ಕಣ್ರಪ್ಪಾ" ಅಂದ. "ಮೂಗು ಹೋಗೈತೆ. ಪಾಪಕ್ಕನಂಥೋಳ ಗಂಡನಿಗೆ ಮೂಗಿಲ್ಲ ಅಂದ್ರೆ ಜನ ನಗ್ತಾರೆ ಅಂತ ಪೆಟ್ಟಿಗೆ ಇಟ್ಕೊಂಡಿದ್ದೆ. ಅವಳದ್ದೇನೂ ಇಲ್ಲ. ಅವಳ ಮೂಗು ನೆಟ್ಟಗೈತೆ."

ಜನ ಗೊಳ್ಳನೆ ನಕ್ಕರು. ಗೋವಿಂದರಾಜು ಗಂಟಲು ಸರಿಮಾಡಿಕೊಂಡರು. "ಸರಿ ಹಾಗಾದರೆ. ಏನೂ ಇಲ್ಲದ ಗಾಳಿಗೇ ಎರಡು ಪೆಟ್ಟಿಗೆಯೂ ಬಡ್ಕೊಂಡವು. ಇಂಥದ್ದನ್ನ ರೈತರಿಗೆ ಕೊಟ್ಟು ಏನು ಮಾಡೋದು? ಪಾಪಕ್ಕ ಇರುವಾಗ ಪೆಟ್ಟಿಗೆ ಬೇಡ ಅಂತ ಹೇಳ್ತೀನಿ." ಭಾನುಪ್ರಿಯಾ ತಲೆ ತಗ್ಗಿಸಿದಳು. ಅವಳ ಕಣ್ಣು ತುಂಬಿದ್ದು ಪಾಪಕ್ಕನಿಗೆ ಕಂಡಿತು.

ಪಾಪಕ್ಕ ನೆಲದ ಮೇಲೆ ಗಂಡನ ಪಕ್ಕದಲ್ಲೇ ಕೂತಿದ್ದಳು. ಸೊಣ್ಣಮ್ಮನ ಮನೆಯಲ್ಲಿ ಕೆಮ್ಮಿದ್ದು, ಅದಾದ ಮೇಲೆ ಮನೆಮನೆಯಲ್ಲೂ ಕೆಮ್ಮಿದ್ದು, ಉಪ್ಪಿಲ್ಲದ ಸಾರನ್ನು ಮಾತಾಡದೆ ಉಂಡದ್ದು ಎಲ್ಲವೂ ಒಂದರ ಹಿಂದೊಂದು ಅವಳಿಗೆ ಅರ್ಥವಾಯಿತು. ಸುಮ್ಮನಿದ್ದರೆ ಮೂಗು ಉಳಿಯುತ್ತಿತ್ತು, ಊರೂ ನಂಬುತ್ತಿತ್ತು. ಅವಳು ಗಂಡನ ಅಂಗಿಯ ಗುಂಡಿ ಹಾಕಿ, ಎದ್ದು ನಿಂತಳು.

"ಇವರು ಹೇಳಿದ್ದು ಸುಳ್ಳು ಸಾರ್. ಮೂಗು ಹೋಗಿರೋದು ನಂದು. ಆ ನೆಗಡಿ ಬಂದಾಗಿಂದ ಮಲ್ಲಿಗೆ ಹೂವಿಗೂ ಸಗಣಿಗೂ ನಂಗೆ ವ್ಯತ್ಯಾಸ ಗೊತ್ತಾಗಲ್ಲ. ಇಷ್ಟು ದಿನ ನಿಮ್ಮ ಮನೆಮನೆ ಮೂಸಿದ್ದು ಈ ಹುಡುಗಿ ಬೆಳೆಸಿದ ತಂತಿ. ಒಂದು ಮನೆಯದೂ ತಪ್ಪಾಗಿಲ್ಲ. ಅದನ್ನ ಬೇಡ ಅನ್ಬೇಡಿ."

ಭಾನುಪ್ರಿಯಾ ಮೂಗೆಳೆದುಕೊಂಡು, ಹಾಗಾದರೆ ಇದು ಕೂಗಿದ್ದು ಯಾಕೆ ಅಂತ ಪೆಟ್ಟಿಗೆ ಹಿಡಿದು ಹುಡುಕುತ್ತಾ ನಡೆದಳು. ಗೋಡೆಯ ಹತ್ತಿರ ಸುಮ್ಮನಿತ್ತು. ಜವರಪ್ಪನ ಹತ್ತಿರ ಸುಮ್ಮನಿತ್ತು. ಗೋವಿಂದರಾಜು ಅವರ ಕಿವಿಯ ಹತ್ತಿರ ಬಂದಾಗ ಕಿರುಚಿತು.

"ಸರ್, ತಲೆಗೆ ಬಣ್ಣ ಹಚ್ಚಿದ್ದೀರಾ? ಆ ಬಣ್ಣದಲ್ಲೂ ಅಮೋನಿಯಾ ಇರುತ್ತೆ."

"ಛೆ ಛೆ. ನನ್ನದು ಹುಟ್ಟಾ ಕಪ್ಪು" ಅಂದರು ಗೋವಿಂದರಾಜು.

ಕೀಂಯ್ ಅಂತು ಪೆಟ್ಟಿಗೆ. ಸರ್ಕಾರಿ ಅಧಿಕಾರಿಯ ಮಾತನ್ನು ಮುಖಕ್ಕೆ ಹೊಡೆದ ಹಾಗೆ ಅಲ್ಲಗಳೆದದ್ದು ಆ ತಾಲ್ಲೂಕಿನಲ್ಲಿ ಅದೇ ಮೊದಲಿರಬೇಕು. ಗೋವಿಂದರಾಜು ಕರವಸ್ತ್ರದಿಂದ ಕಿವಿಯ ಹಿಂದೆ ಒರೆಸಿಕೊಂಡರು, ವಸ್ತ್ರ ಕಪ್ಪಾಯಿತು. ಅವರು ಒಳ್ಳೆಯ ಮನುಷ್ಯರು. ಸ್ವಲ್ಪ ಹೊತ್ತು ಕರವಸ್ತ್ರವನ್ನೇ ನೋಡಿ, "ಇಲಾಖೆಗೆ ಇದು ಬೇಕಮ್ಮ. ಖಂಡಿತ ಬೇಕು. ಆದರೆ ನಾಳೆ ಒಂದು ದಿನ ನನ್ನ ಮಗಳ ನಿಶ್ಚಿತಾರ್ಥದ ಕಡೆ ತರಬೇಡ" ಅಂದರು.

ಜನ ಕರಗಿದ ಮೇಲೆ ಸೊಣ್ಣಮ್ಮ ಒಬ್ಬಳು ನಿಂತಿದ್ದಳು. ಪಾಪಕ್ಕ ಅವಳ ಮುಖ ನೋಡಲಾರದೆ ಮಡಕೆ ಚೂರು ಆರಿಸುತ್ತಿದ್ದಳು.

"ಅಕ್ಕ, ನಮ್ಮ ಹುಳು ನಾಡಿದ್ದು ಜ್ವರ ಏಳ್ತವೆ. ಬೆಳಿಗ್ಗೆನೇ ಬಂದ್ಬಿಡು."

"ನನ್ನ ಮೂಗು..."

"ಮೂಗಿಗೆ ಪೆಟ್ಟಿಗೆ ತಗೊಂಡ್ಬಾ. ನೀನು ಬಂದು ತಟ್ಟೆ ಮುಂದೆ ನಿಂತ್ಕೊಂಡ್ರೆ ನಂಗೆ ಧೈರ್ಯ. ಪೆಟ್ಟಿಗೆ ಜೊತೆ ನಾನು ಎಲೆ ಅಡಿಕೆ ಹಾಕ್ಕೊಂಡು ಕಷ್ಟ ಸುಖ ಮಾತಾಡಕ್ಕಾಗುತ್ತಾ?" ಅಂದು, ಸೊಣ್ಣಮ್ಮ ಪೊರಕೆ ತೆಗೆದುಕೊಂಡು ತಾನೇ ನೆಲ ಗುಡಿಸಿ ಹೋದಳು.

ಸಾಯಂಕಾಲ ಪಾಪಕ್ಕ ಹೆಸರುಬೇಳೆ ಪಾಯಸಕ್ಕಿಟ್ಟಳು. ಆದಿನಾರಾಯಣಪ್ಪ ಅಡುಗೆಮನೆಯ ಬಾಗಿಲಲ್ಲಿ, ತಪ್ಪು ಮಾಡಿದವನ ಹಾಗೆ ಕೂತಿದ್ದ.

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ?" ಅಂದಳು ಅವನತ್ತ ತಿರುಗದೆ.

"ನೀನು ಹೇಳ್ಲಿಲ್ಲ. ಅದಕ್ಕೆ."

ಅವಳು ತುಪ್ಪದಲ್ಲಿ ಗೋಡಂಬಿ ಹುರಿದು ಹಾಕಿದಳು, ಏಲಕ್ಕಿ ಕುಟ್ಟಿ ಹಾಕಿದಳು. ಪಾತ್ರೆಯ ಮೇಲೆ ಮುಖವಿಟ್ಟು ಉಸಿರೆಳೆದಳು. ಬರೀ ಬಿಸಿ ಮಾತ್ರ ಮುಖಕ್ಕೆ ತಾಗಿತು. "ಹುಳು ಮನೆದು ಹಾಳಾಗ್ಲಿ, ಪೆಟ್ಟಿಗೆ ನೋಡ್ಕೊಳ್ಳುತ್ತೆ. ಇದೊಂದು ಸಂಕಟ ನಂಗೆ. ಮಾಡಿದ ಅಡುಗೆ ಘಮ ನಂಗೇ ಸಿಕ್ಕಲ್ಲ" ಅಂದಳು. ಆಮೇಲೆ ಬಂದು ಅವನ ಪಕ್ಕ ಹೊಸ್ತಿಲ ಮೇಲೆ ಕೂತು, ಕಣ್ಣು ಮುಚ್ಚಿಕೊಂಡಳು. "ನೀವೇ ಹೇಳಿ. ಹೆಂಗೈತೆ?"

ಆದಿನಾರಾಯಣಪ್ಪ ಜೋರಾಗಿ ಉಸಿರೆಳೆದ. ಬಹಳ ಯೋಚಿಸಿದ. "ಪಾಯಸದ ಥರ ಐತೆ" ಅಂದ.

"ಅಷ್ಟು ನಂಗೂ ಗೊತ್ತು. ಬಿಡಿಸಿ ಹೇಳಿ."

ಅವನೂ ಕಣ್ಣು ಮುಚ್ಚಿದ. ಹಣೆಯ ಮೇಲೆ ಬೆವರು ಮೂಡಿತು. "ಮೊದಲು ತುಪ್ಪ ಬರ್ತೈತೆ. ದೊಡ್ಡ ಯಜಮಾನನ ಹಂಗೆ, ಮುಂದೆ ಮುಂದೆ. ಅದರ ಹಿಂದೆ ಏಲಕ್ಕಿ. ಅದು ಹೊಸ ಹೆಣ್ಣು, ಬಾಗಿಲ ಮರೇಲಿ ನಿಂತೈತೆ. ಹೆಸರುಬೇಳೆ... ಹೆಸರುಬೇಳೆ ಮಳೆ ಬಿದ್ದ ಕಣದ ಹಂಗೈತೆ ಕಣೇ. ಆಮೇಲೆ ಬೆಲ್ಲ..."

ಪಾಪಕ್ಕನ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಮುಖದಲ್ಲಿ ಮಾತ್ರ ನಗುವಿತ್ತು. "ಬೆಲ್ಲ ಹೆಂಗೈತೆ?"

"ಬೆಲ್ಲ... ತಡಿ... ಬೆಲ್ಲ ಸೀದೋಗ್ತೈತೆ, ಒಲೆ ಆರಿಸೇ!"

ಪಾಪಕ್ಕ ಓಡಿ ಹೋಗಿ ಒಲೆ ಆರಿಸಿ, ಪಾತ್ರೆ ಇಳಿಸಿದಳು. ಮತ್ತೆ ಬಂದು ಅವನ ಪಕ್ಕದಲ್ಲಿ ಮೊದಲಿಗಿಂತ ಹತ್ತಿರವಾಗಿ ಕೂತು, ಕಣ್ಣು ಮುಚ್ಚಿಕೊಂಡಳು.

"ಹೂಂ. ಈಗ ಮೊದಲಿಂದ ಹೇಳಿ."